ಬಾಟಲಿಯೊಳಗಿನ ಕಾಡುಬಳ್ಳಿ: ಮನಿ ಪ್ಲಾಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ನಮ್ಮ ಮನೆಯ ಮೆಟ್ಟಿಲ ಪಕ್ಕ ಒಂದು ಮನಿ ಪ್ಲಾಂಟ್ ಗೋಡೆ ಹಿಡಿದು ಮಹಡಿವರೆಗೆ ಹೋಗಿದೆ. ಅದನ್ನು ನೋಡಿದವರು ಸುಮ್ಮನೆ ಹೋಗುವುದಿಲ್ಲ. ಗೇಟಿನ ಹತ್ತಿರ ನಿಂತು ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ರಾಯಚೂರು, ಗಂಗಾವತಿ, ಸಿಂಧನೂರು ಕಡೆಯ ಪರಿಚಯದವರು ಬಾಡಿದ ಎಲೆಯ ಫೋಟೋ ಕಳಿಸಿ, "ಇದಕ್ಕೇನು ಮದ್ದು ಹೇಳ್ರಿ" ಅನ್ನುತ್ತಾರೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿಸಿಕೊಂಡು, ಉತ್ತರಗಳನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

## ಮೊದಲು ಪರಿಚಯ

ಇದು ನಮ್ಮ ದೇಶದ್ದೇ ಗಿಡ ಅಲ್ವಾ? ಎಲ್ಲಿ ನೋಡಿದರೂ ಇರುತ್ತಲ್ಲ!

ಇಲ್ಲ. ಇದರ ತವರು ಶಾಂತ ಸಾಗರದ ನಡುವೆ, ತಾಹಿತಿ ಪಕ್ಕದ ಮೊರೆಯಾ ಅನ್ನುವ ಪುಟ್ಟ ದ್ವೀಪ. ಅಲ್ಲಿನ ತೇವದ ಮಳೆಕಾಡಿನಲ್ಲಿ ದೊಡ್ಡ ಮರಗಳನ್ನು ಹತ್ತಿಕೊಂಡು ಬೆಳೆಯುವ ಬಳ್ಳಿ ಇದು. ಬಹಳ ಕಾಲ ಇದನ್ನು ಸಾಲೊಮನ್ ದ್ವೀಪಗಳ ಗಿಡ ಅಂದುಕೊಂಡಿದ್ದರು.

ಈ ಒಂದು ವಿಷಯ ನೆನಪಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ತಾನಾಗೇ ಸಿಗುತ್ತದೆ. ಮಳೆಕಾಡಿನ ನೆಲ ಹೇಗಿರುತ್ತದೆ ಯೋಚಿಸಿ. ಮೇಲಿನ ಕೊಂಬೆಗಳು ಬಿಸಿಲನ್ನೆಲ್ಲ ಹಿಡಿದುಕೊಳ್ಳುತ್ತವೆ. ಕೆಳಗೆ ಬೀಳುವುದು ನೂರರಲ್ಲಿ ಒಂದೆರಡು ಪಾಲು ಮಾತ್ರ. ಗಾಳಿ ಯಾವಾಗಲೂ ಹಸಿ. ಮಣ್ಣಿಗಿಂತ ಕೊಳೆತ ಎಲೆಗಳ ಪದರವೇ ಜಾಸ್ತಿ. ಇಂಥ ಕಡೆ ಹುಟ್ಟಿದ್ದನ್ನು ನಾವು ತಂದು, ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ ಬೀಳುವ ನಮ್ಮ ಊರಿನ ಕಾಂಪೌಂಡ್ ಮೇಲೆ ಇಟ್ಟಿದ್ದೇವೆ. ಆದರೂ ಬದುಕುತ್ತದೆ ಅನ್ನುವುದೇ ಇದರ ದೊಡ್ಡಗುಣ.

ನರ್ಸರಿಯವರು ಪೋಥೋಸ್ ಅಂತಾರೆ, ನಾವು ಮನಿ ಪ್ಲಾಂಟ್ ಅಂತೀವಿ. ಎರಡೂ ಒಂದೇನಾ?

ಒಂದೇ. 1880ರಲ್ಲಿ ಇದಕ್ಕೆ ಮೊದಲು ಇಟ್ಟ ಶಾಸ್ತ್ರೀಯ ಹೆಸರು ಪೋಥೋಸ್ ಆರಿಯಸ್. ಆಮೇಲೆ ಅದನ್ನು ಬೇರೆ ಬೇರೆ ಕುಲಗಳಿಗೆ ಸೇರಿಸುತ್ತಾ ಹೋದರು. 1964ರಲ್ಲಿ ಎಪಿಪ್ರೆಮ್ನಮ್ ಆರಿಯಮ್ ಅನ್ನುವ ಹೆಸರು ಬಂತು, ಈಗ ಬಳಕೆಯಲ್ಲಿರುವುದೂ ಅದೇ. ಗ್ರೀಕಿನಲ್ಲಿ ಎಪಿ ಅಂದರೆ ಮೇಲೆ, ಪ್ರೆಮ್ನಾನ್ ಅಂದರೆ ಮರದ ಬೊಡ್ಡೆ. ಆರಿಯಮ್ ಅಂದರೆ ಬಂಗಾರದ್ದು. ಮರದ ಮೇಲಿನ ಬಂಗಾರ ಅನ್ನಿ. ವ್ಯಾಪಾರದಲ್ಲಿ ಹಳೆಯ ಪೋಥೋಸ್ ಹೆಸರೇ ಅಂಟಿಕೊಂಡುಬಿಟ್ಟಿದೆ, ಬೊಂಬಾಯಿಯನ್ನು ಮುಂಬೈ ಅಂತ ಬದಲಿಸಿದರೂ ಅಜ್ಜ ಬೊಂಬಾಯಿ ಅಂದ ಹಾಗೆ.

ಇದರ ಮನೆತನ ಕೆಸು, ಸುವರ್ಣಗಡ್ಡೆ, ಆಂಥೂರಿಯಂಗಳದ್ದು. ಒಂದು ಎಚ್ಚರಿಕೆ: ಹೃದಯದಾಕಾರದ ಎಲೆಯ ಫಿಲೋಡೆಂಡ್ರಾನ್ ಅನ್ನೂ ಕೆಲವರು ಮನಿ ಪ್ಲಾಂಟ್ ಅಂತ ಮಾರುತ್ತಾರೆ. ಚಿಗುರು ನೋಡಿ ಗುರುತಿಸಿ. ಫಿಲೋಡೆಂಡ್ರಾನ್ ಚಿಗುರು ಒಂದು ತೆಳು ಪೊರೆಯೊಳಗಿಂದ ಬರುತ್ತದೆ, ಆಮೇಲೆ ಆ ಪೊರೆ ಒಣಗಿ ಉದುರುತ್ತದೆ. ಮನಿ ಪ್ಲಾಂಟ್‌ನಲ್ಲಿ ಹೊಸ ಎಲೆ ಹಳೆಯ ಎಲೆಯ ತೊಟ್ಟಿನ ಪಕ್ಕದಿಂದ ಸುರುಳಿ ಬಿಚ್ಚಿಕೊಳ್ಳುತ್ತದೆ. ತೊಟ್ಟಿನ ಮೇಲೆ ಉದ್ದಕ್ಕೆ ಒಂದು ಕಾಲುವೆ ಇರುತ್ತದೆ.

ಕದ್ದು ತಂದರೇನೇ ಚೆನ್ನಾಗಿ ಬರುತ್ತಂತೆ, ಹೌದಾ?

ನನ್ನ ಮೊದಲ ಬಳ್ಳಿ ಕದ್ದದ್ದೇ. ಯಾರ ಮನೆಯದು ಅಂತ ಹೇಳಲ್ಲ. ಚೆನ್ನಾಗಿಯೇ ಬಂತು. ಎರಡನೆಯದನ್ನು ಇಪ್ಪತ್ತು ರೂಪಾಯಿ ಕೊಟ್ಟು ತಂದೆ, ಅದೂ ಅಷ್ಟೇ ಚೆನ್ನಾಗಿ ಬಂತು. ಕದಿಯುವವರು ಗಡಿಬಿಡಿಯಲ್ಲಿ ಬಳ್ಳಿಯ ಕಾಂಡವನ್ನೇ ಕಿತ್ತುಕೊಂಡು ಬರುತ್ತಾರೆ, ಅದರಲ್ಲಿ ಗೆಣ್ಣು ಇರುತ್ತದೆ. ಗೆಣ್ಣಿದ್ದರೆ ಬೇರು ಬರುತ್ತದೆ. ಕೇಳಿ ಈಸಿಕೊಂಡವರಿಗೆ ಬಳ್ಳಿಯ ಯಜಮಾನರು ಜಿಪುಣತನ ಮಾಡಿ ಬರೀ ಎಲೆ ಕೊಟ್ಟಿರುತ್ತಾರೇನೋ!

ಮನೆಯಲ್ಲಿದ್ದರೆ ದುಡ್ಡು ಬರುತ್ತಾ? ಆಗ್ನೇಯಕ್ಕೇ ಇಡಬೇಕಾ?

ನಮ್ಮ ಮನೆಯಲ್ಲಿ ದುಡ್ಡು ಹೋದದ್ದೇ ಜಾಸ್ತಿ, ಕುಂಡ ಕೊಳ್ಳೋದಕ್ಕೆ. ನಂಬುವವರು ಆಗ್ನೇಯಕ್ಕೆ ಇಡಲಿ, ನನ್ನ ತಕರಾರಿಲ್ಲ. ಆ ಮೂಲೆಗೆ ಪುಸ್ತಕ ಓದುವಷ್ಟು ಬೆಳಕು ಬರುತ್ತದೆಯಾ ಅಂತ ಮಾತ್ರ ನೋಡಿ.

ಮಗು ಎಲೆ ಕಚ್ಚಿಬಿಟ್ಟಿದೆ, ಬಾಯಿ ಉರಿ ಅಂತ ಅಳ್ತಿದೆ. ವಿಷಾನಾ?

ಎಲೆ, ಕಾಂಡ, ಬೇರು ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಕಣ್ಣಿಗೆ ಕಾಣದ ಸೂಜಿಗಳಿವೆ. ಅಗಿದರೆ ಅವು ನಾಲಿಗೆ, ತುಟಿ, ಗಂಟಲಿಗೆ ಚುಚ್ಚಿ ಉರಿ, ಬಾವು ತರುತ್ತವೆ. ಸುವರ್ಣಗಡ್ಡೆ ಹೆಚ್ಚುವಾಗ ಕೈ ತುರಿಸುವುದು, ಹುಣಸೆಹುಳಿ ಹಾಕದೆ ಬೇಯಿಸಿದರೆ ಗಂಟಲು ಕೆರೆಯುವುದು ನಿಮಗೆ ಗೊತ್ತಿರುತ್ತದೆ. ಅದೇ ಸೂಜಿಗಳು.

ಬಾಯಲ್ಲಿ ಉಳಿದ ಚೂರುಗಳನ್ನು ತೆಗೆದು, ನೀರಿನಿಂದ ಒರೆಸಿ. ತಣ್ಣನೆಯ ನೀರು ಅಥವಾ ಹಾಲು ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ, ಸೂಜಿಗಳು ಗಂಟಲನ್ನು ಇನ್ನೊಮ್ಮೆ ಗೀರುತ್ತವೆ. ಬಹುತೇಕ ಸಲ ಉರಿ ತಾನಾಗೇ ಇಳಿಯುತ್ತದೆ. ಆದರೆ ನಾಲಿಗೆ ಊದಿಕೊಂಡರೆ, ನುಂಗಲು ಕಷ್ಟವಾದರೆ, ಉಸಿರು ಬಿಗಿಯಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಬೆಕ್ಕು, ನಾಯಿಗೂ ಇದು ಆಗಿಬರುವುದಿಲ್ಲ. ಕತ್ತರಿಸಿದ ಬಳ್ಳಿಯನ್ನು ಆಡು, ಮೇಕೆ ಮುಂದೆ ಹಾಕುವ ಅಭ್ಯಾಸವೂ ಬೇಡ.

## ಬಾಟಲಿ, ಕುಂಡ, ನೀರು

ಒಂದು ಎಲೆ ನೀರಲ್ಲಿಟ್ಟು ಮೂರು ತಿಂಗಳಾಯ್ತು. ಎಲೆ ಹಸಿರಾಗೇ ಇದೆ, ಬಳ್ಳಿ ಮಾತ್ರ ಬರ್ತಿಲ್ಲ ಯಾಕೆ?

ಬರುವುದೂ ಇಲ್ಲ. ಎಲೆ, ತೊಟ್ಟು ಎಷ್ಟು ದಿನ ಬೇಕಾದರೂ ಹಸಿರಾಗಿರಬಹುದು, ಆದರೆ ಹೊಸ ಬಳ್ಳಿ ಹುಟ್ಟುವ ಮೊಗ್ಗು ಇರುವುದು ಗೆಣ್ಣಿನಲ್ಲಿ. ಕಾಂಡದ ಮೇಲೆ ಎಲೆ ಕೂತಿರುವ ಉಬ್ಬು ಇದೆಯಲ್ಲ, ಅದು ಗೆಣ್ಣು. ಅದರ ಪಕ್ಕದಲ್ಲೇ ಕಂದು ಬಣ್ಣದ ಸಣ್ಣ ಗುಬುಟು ಕಾಣುತ್ತದೆ, ಅದು ಬೇರಿನ ಮೊಳಕೆ. ಕಬ್ಬಿನ ಬಿತ್ತನೆಗೆ ಕಣ್ಣಿರುವ ತುಂಡೇ ಬೇಕಲ್ಲ, ಇದೂ ಹಾಗೆಯೇ. ಎರಡು ಗೆಣ್ಣಿರುವ ತುಂಡು ತೆಗೆದುಕೊಂಡು, ಒಂದು ಗೆಣ್ಣು ನೀರಿನಲ್ಲಿ ಮುಳುಗುವಂತೆ, ಎಲೆ ಮೇಲಿರುವಂತೆ ಇಡಿ. ಸೆಕೆಗಾಲದಲ್ಲಿ ಎರಡು ವಾರದೊಳಗೆ ಬಿಳಿ ಬೇರು ಕಾಣುತ್ತದೆ. ಡಿಸೆಂಬರ್‌ನಲ್ಲಿ ಸ್ವಲ್ಪ ಸೋಮಾರಿ.

ಬರೀ ನೀರಲ್ಲೇ ಇಟ್ಟರೆ ಎಷ್ಟು ವರ್ಷ ಇರುತ್ತೆ?

ವರ್ಷಗಟ್ಟಲೆ ಇರುತ್ತದೆ. ಬೆಳೆಯುವುದು ನಿಧಾನ, ಎಲೆ ಸಣ್ಣದು. ನೀರಿನಲ್ಲಿ ಊಟ ಏನೂ ಇರುವುದಿಲ್ಲವಲ್ಲ. ತಿಂಗಳಿಗೊಮ್ಮೆ ನೀರಿನಲ್ಲಿ ಕರಗುವ ಗೊಬ್ಬರ ಒಂದು ಚಿಟಿಕೆ ಸಾಕು. ಪಾರದರ್ಶಕ ಬಾಟಲಿಯಲ್ಲಿ ಪಾಚಿ ಕಟ್ಟುತ್ತದೆ. ಬಣ್ಣದ ಬಾಟಲಿ ಅಥವಾ ಸುತ್ತ ಒಂದು ಕಾಗದ ಸುತ್ತಿದರೆ ಪಾಚಿ ಕಡಿಮೆ.

ನಾನು ಜಗಳ ಮಾಡಿ ಹೇಳುವ ವಿಷಯ ಒಂದಿದೆ. ವಾರಕ್ಕೊಮ್ಮೆ ನೀರು ಪೂರ್ತಿ ಬದಲಿಸಿ, ಬಾಟಲಿಯ ಒಳಗೋಡೆ ಉಜ್ಜಿ ತೊಳೆಯಿರಿ. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಇಂಥ ನಿಂತ ತಿಳಿನೀರೇ ಇಷ್ಟ. ಮೊಟ್ಟೆ ಒಡೆದು ಸೊಳ್ಳೆ ಹಾರಲು ಒಂದು ವಾರ, ಹತ್ತು ದಿನ ಸಾಕು. ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆಯರು ಡ್ರಮ್ಮು, ಟೈರು ನೋಡಿ ಹೋಗುತ್ತಾರೆ. ಟಿವಿ ಮೇಲಿನ ಬಾಟಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಹೊಲದ ಎರೆಮಣ್ಣು ಒಳ್ಳೆ ಫಲವತ್ತು. ಅದನ್ನೇ ಕುಂಡಕ್ಕೆ ತುಂಬಿದೆ, ಬಳ್ಳಿ ಕೊಳೆತುಹೋಯ್ತು!

ಹತ್ತಿ, ಜೋಳಕ್ಕೆ ಎರೆಮಣ್ಣು ಬಂಗಾರ. ಕುಂಡದೊಳಗಿನ ಮನಿ ಪ್ಲಾಂಟ್‌ಗೆ ಅದು ಕೊರಳಿಗೆ ಕಟ್ಟಿದ ಕಲ್ಲು. ನೀರು ಬಿದ್ದರೆ ಉಬ್ಬಿ ಗಾಳಿಯಾಡದಂತೆ ಮುಚ್ಚಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಈ ಬಳ್ಳಿಯ ಬೇರು ಕಾಡಿನಲ್ಲಿ ಮರದ ತೊಗಟೆ ಮೇಲೆ, ಎಲೆಗೊಬ್ಬರದ ಮೇಲೆ ಹರಿದಾಡುವಂಥದ್ದು. ಅದಕ್ಕೆ ಗಾಳಿ ಬೇಕೇ ಬೇಕು.

ನಾನು ಹಾಕುವುದು: ಕೆಂಪು ಮಣ್ಣು ಒಂದು ಬುಟ್ಟಿ, ಎರೆಹುಳು ಗೊಬ್ಬರ ಒಂದು ಬುಟ್ಟಿ, ತೆಂಗಿನ ನಾರಿನ ಪುಡಿ ಒಂದು ಬುಟ್ಟಿ, ಜೊತೆಗೆ ಅರ್ಧ ಬುಟ್ಟಿ ಹಳೆಯ ಭತ್ತದ ಹೊಟ್ಟು. ಸಿರುಗುಪ್ಪ, ಕಾರಟಗಿ, ಗಂಗಾವತಿ ಕಡೆ ಇದ್ದರೆ ರೈಸ್ ಮಿಲ್ ಹತ್ತಿರ ಹೊಟ್ಟು ಸಿಗದೆ ಇರುತ್ತದೆಯೇ? ಹೊಸ ಹೊಟ್ಟಾದರೆ ಕೆಲವು ದಿನ ನೆನೆಹಾಕಿ. ಕುಂಡದ ತಳದ ತೂತು ತೆರೆದಿರಲಿ. ನೀರನ್ನು ದಿನ ಲೆಕ್ಕದಲ್ಲಿ ಹಾಕಬೇಡಿ. ಬೆರಳು ಎರಡು ಗೆಣ್ಣಷ್ಟು ಮಣ್ಣಿಗೆ ಇಳಿಸಿ, ಒಣಗಿದ್ದರೆ ಹಾಕಿ.

ಬೋರ್ ನೀರು ಹಾಕ್ತೀವಿ. ಎಲೆ ತುದಿ ಕಂದು ಆಗ್ತದೆ, ಕುಂಡದ ಅಂಚಿಗೆ ಬಿಳಿ ಪುಡಿ ಕೂರ್ತದೆ.

ಆ ಬಿಳಿ ಪುಡಿಯೇ ಉತ್ತರ. ನಮ್ಮ ಭಾಗದ ಎಷ್ಟೋ ಬೋರ್‌ಗಳ ನೀರು ಗಡಸು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮಣ್ಣಿನಲ್ಲೇ ಉಳಿಯುತ್ತದೆ. ಎಲೆಯ ತುದಿಯಿಂದ ಸುಡಲು ಶುರು. ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು, ತಳದಿಂದ ಧಾರಾಳವಾಗಿ ಹರಿಯುವಷ್ಟು ನೀರು ಸುರಿದು ಉಪ್ಪನ್ನು ತೊಳೆಯಿರಿ.

ಮಳೆನೀರು ಸಿಕ್ಕರೆ ಹಬ್ಬ. ಎಸಿಯಿಂದ ತೊಟ್ಟಿಕ್ಕುವ ನೀರೂ ಒಳ್ಳೆಯದು, ಅದರಲ್ಲಿ ಉಪ್ಪಿಲ್ಲ. ಆರ್‌ಒ ಮಷೀನಿನಿಂದ ಹೊರಹೋಗುವ ನೀರನ್ನು ವೇಸ್ಟ್ ಮಾಡಬಾರದು ಅಂತ ಗಿಡಕ್ಕೆ ಹಾಕುತ್ತಾರೆ ಕೆಲವರು. ದಯವಿಟ್ಟು ಬೇಡ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಲು ಇಟ್ಟುಕೊಳ್ಳಿ.

ಬೆಳಿಗ್ಗೆ ಎಲೆ ತುದಿಯಲ್ಲಿ ನೀರಿನ ಹನಿ ನೇತಾಡ್ತಿರುತ್ತೆ. ಮಂಜು ಬಿದ್ದಿಲ್ಲ, ಮನೆ ಒಳಗೆ ಇದೆ. ಎಲ್ಲಿಂದ ಬಂತು?

ಬಳ್ಳಿಯೇ ಹೊರಹಾಕಿದ್ದು. ಹಗಲು ಎಲೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತದೆ. ರಾತ್ರಿ ಆ ರಂಧ್ರಗಳು ಮುಚ್ಚಿರುತ್ತವೆ, ಆದರೆ ಮಣ್ಣು ಹಸಿಯಿದ್ದರೆ ಬೇರು ನೀರನ್ನು ಒತ್ತುತ್ತಲೇ ಇರುತ್ತದೆ. ಆ ಒತ್ತಡಕ್ಕೆ ಎಲೆ ತುದಿಯಿಂದ ಹನಿ ಬರುತ್ತದೆ. ರೋಗ ಅಲ್ಲ. ದಿನಾ ಹನಿ ಕಂಡರೆ ನೀರು ಸ್ವಲ್ಪ ಜಾಸ್ತಿ ಆಗಿದೆ ಅಂತ ತಿಳಿಯಿರಿ. ಮಳೆಗಾಲದಲ್ಲಿ ಇದು ಹೆಚ್ಚು.

## ಬಿಸಿಲೂರಿನ ಪಾಡು

ಏಪ್ರಿಲ್‌ನಲ್ಲಿ ಎಲ್ಲ ಎಲೆ ಸುಟ್ಟುಹೋದ್ವು. ದಿನಾ ಎರಡು ಹೊತ್ತು ನೀರು ಹಾಕಿದ್ದೆ, ಆದರೂ!

ಎಲ್ಲಕ್ಕಿಂತ ಜಾಸ್ತಿ ಜನ ಕೇಳುವ ಪ್ರಶ್ನೆ ಇದು. ನಾನೂ ಮೊದಲ ಎರಡು ಬೇಸಿಗೆ ಹೀಗೇ ಕಳೆದುಕೊಂಡೆ. ಬಿಸಿಲು ತಾಗಬಾರದು ಅಂತ ನೆರಳಿಗೆ ಇಟ್ಟಿದ್ದೆ, ನೀರೂ ಕೊಡುತ್ತಿದ್ದೆ. ಸುಟ್ಟದ್ದು ಯಾಕೆ ಅಂತ ತಿಳಿಯಲು ತಡವಾಯಿತು. ನಮ್ಮ ಊರಿನಲ್ಲಿ ಈ ಬಳ್ಳಿಯ ದೊಡ್ಡ ವೈರಿ ಒಣ ಬಿಸಿಗಾಳಿ. ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ, ಆ ಗಾಳಿ ಎಲೆಯಿಂದ ನೀರು ಎಳೆಯುವ ವೇಗಕ್ಕೆ ಬೇರು ನೀರು ಕಳಿಸಲು ಆಗುವುದೇ ಇಲ್ಲ. ಮಣ್ಣು ಒದ್ದೆ ಇದ್ದರೂ ಎಲೆ ಒಣಗುತ್ತದೆ. ನಾವು ಗಾಬರಿಯಾಗಿ ಇನ್ನೂ ನೀರು ಸುರಿಯುತ್ತೇವೆ, ಬೇರೂ ಕೊಳೆಯುತ್ತದೆ. ಮೇಲೆ ಸುಡು, ಕೆಳಗೆ ಕೊಳೆ.

ಇದಕ್ಕೆ ಮದ್ದು ನನಗೆ ಸಿಕ್ಕಿದ್ದು ಎಲೆತೋಟದಲ್ಲಿ. ವೀಳ್ಯದೆಲೆಯೂ ಆಗ್ನೇಯ ಏಷ್ಯಾದ ತೇವದ ನಾಡಿನಿಂದ ಬಂದ ಬಳ್ಳಿಯೇ. ಅದನ್ನು ನಮ್ಮ ಒಣ ಸೀಮೆಯಲ್ಲಿ ಜನ ನೂರಾರು ವರ್ಷದಿಂದ ಬೆಳೆದಿದ್ದಾರೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನವರ ತಾಂಬೂಲದ ಬಗ್ಗೆ ಬೆರಗಾಗಿ ಬರೆದಿದ್ದಾನೆ. ತುಂಗಭದ್ರೆಯ ಹಳೆಯ ಕಾಲುವೆಗಳು ಹೊಸಪೇಟೆ, ಕಂಪ್ಲಿ, ಆನೆಗೊಂದಿ ಸುತ್ತ ಇಂದಿಗೂ ಹರಿಯುತ್ತಿವೆ.

ಎಲೆತೋಟ ಮಾಡುವವರ ಕ್ರಮ ನೋಡಿ. ಮೊದಲು ಬಳ್ಳಿ ನೆಡುವುದಿಲ್ಲ. ಚೊಗಚೆ, ನುಗ್ಗೆ ಹಾಕಿ ನೆರಳು ಮಾಡಿಕೊಳ್ಳುತ್ತಾರೆ. ಸುತ್ತ ಬಾಳೆಯೋ ಬೇರೆ ಬೇಲಿಯೋ ಕಟ್ಟಿ ಗಾಳಿ ತಡೆಯುತ್ತಾರೆ. ಸಾಲಿನ ನಡುವೆ ನೀರಿನ ಕಾಲುವೆ ಓಡಿಸುತ್ತಾರೆ. ಮೇ ತಿಂಗಳಲ್ಲಿ ಅಂಥ ತೋಟದೊಳಗೆ ಹೆಜ್ಜೆ ಇಟ್ಟರೆ ಮೈ ತಣ್ಣಗಾಗುತ್ತದೆ. ಹೊರಗೆ ಬಳ್ಳಾರಿ, ಒಳಗೆ ಮಲೆನಾಡು. ಅವರು ಒಂದು ಚಿಕ್ಕ ಕಾಡನ್ನೇ ಕಟ್ಟಿ, ಆಮೇಲೆ ಬಳ್ಳಿಯನ್ನು ಕರೆಯುತ್ತಾರೆ.

ಮನೆಯಲ್ಲೂ ಅದೇ ಮಾಡಿ. ಮಾರ್ಚ್ ಬಂದ ಕೂಡಲೇ ಕುಂಡಗಳನ್ನು ಪಡುವಣ ಗೋಡೆಯಿಂದ, ತಗಡಿನ ಶೀಟಿನ ಕೆಳಗಿನಿಂದ ಎತ್ತಿ. ಮೂಡಣ ಕಿಟಕಿ, ಬಚ್ಚಲ ಹತ್ತಿರದ ಮೂಲೆ, ನೀರಿನ ತೊಟ್ಟಿಯ ಪಕ್ಕ ಒಳ್ಳೆಯ ಜಾಗ. ಒಂದೊಂದೇ ಕುಂಡ ದೂರ ದೂರ ಇಡದೆ ಗುಂಪಾಗಿ ಇಡಿ, ಒಂದರ ಆವಿ ಇನ್ನೊಂದಕ್ಕೆ ಆಸರೆ. ಗಾಳಿ ಬರುವ ಬದಿಗೆ ಒದ್ದೆ ಗೋಣಿಚೀಲ ಕಟ್ಟಿ. ತಟ್ಟೆಯಲ್ಲಿ ಮರಳು ಹಾಕಿ, ಅದು ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಕುಂಡ ಇಡಿ. ಮಣ್ಣಿನ ಕುಂಡವಾದರೆ ಬೇರೂ ತಂಪಾಗಿರುತ್ತದೆ. ಏರ್ ಕೂಲರ್ ಎದುರಿಗೆ ನೇರವಾಗಿ ಇಡಬೇಡಿ, ನೀರು ಖಾಲಿಯಾದಾಗ ಅದು ಬರೀ ಬಿಸಿಗಾಳಿ ಬೀಸುತ್ತದೆ.

ಸುಟ್ಟ ಬಳ್ಳಿಯನ್ನು ಕಿತ್ತೆಸೆಯಬೇಡಿ. ಗೆಣ್ಣು ಹಸಿರಾಗಿದ್ದರೆ ಜೂನ್ ಮಳೆಗೆ ಚಿಗುರುತ್ತದೆ.

ಎಲೆ ಹಳದಿ ಆಗ್ತಿದೆ. ಗೊಬ್ಬರ ಕಡಿಮೆ ಆಯ್ತಾ?

ಬುಡದ ಒಂದೋ ಎರಡೋ ಹಳೆಯ ಎಲೆ ಹಳದಿಯಾದರೆ ಅದು ಮುಪ್ಪು, ಬಿಡಿ. ಒಟ್ಟೊಟ್ಟಿಗೆ ಹಲವು ಎಲೆ ಹಳದಿಯಾಗಿ ಮೆತ್ತಗಾದರೆ ನೀರು ಜಾಸ್ತಿಯಾಗಿದೆ. ಕುಂಡದಿಂದ ಮೆಲ್ಲಗೆ ಎತ್ತಿ ಬೇರು ನೋಡಿ. ಬಿಳಿ, ಗಟ್ಟಿ ಇದ್ದರೆ ಚಿಂತೆಯಿಲ್ಲ. ಕಪ್ಪಗೆ, ಲೋಳೆಯಾಗಿ ನಾರುತ್ತಿದ್ದರೆ ಕತ್ತರಿಸಿ ತೆಗೆದು ಹೊಸ ಮಣ್ಣಿಗೆ ಹಾಕಿ. ಗೊಬ್ಬರದ ವಿಷಯಕ್ಕೆ ಬರುವುದು ಆಮೇಲೆ. ಕಾಯಿಲೆ ಬಿದ್ದ ಬಳ್ಳಿಗೆ ಯೂರಿಯಾ ಹಾಕಿ ಕೊಂದವರನ್ನು ನಾನು ಬಲ್ಲೆ.

ತಂದಾಗ ಬಂಗಾರದ ಪಟ್ಟೆ ಇತ್ತು, ಈಗ ಬರೀ ಹಸಿರು. ಮೋಸ ಮಾಡಿ ಕೊಟ್ಟರಾ?

ನರ್ಸರಿಯವರನ್ನು ಬಯ್ಯಬೇಡಿ. ಹಳದಿ ಭಾಗದಲ್ಲಿ ಪತ್ರಹರಿತ್ತು ಕಡಿಮೆ, ಬಿಳಿ ಭಾಗದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಭಾಗ ಅಡುಗೆ ಮಾಡುವುದಿಲ್ಲ, ಕೂತು ಉಣ್ಣುತ್ತದೆ. ಬೆಳಕು ಕಡಿಮೆ ಇರುವ ಮೂಲೆಗೆ ಹೋದಾಗ ಬಳ್ಳಿ ಹಸಿರನ್ನು ಹೆಚ್ಚಿಸಿಕೊಳ್ಳುತ್ತದೆ. ಹೆಚ್ಚು ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಕಡೆ ಇಟ್ಟರೆ ಹೊಸ ಎಲೆಗಳಲ್ಲಿ ಪಟ್ಟೆ ಮರಳುತ್ತದೆ. ಪಟ್ಟೆ ಚೆನ್ನಾಗಿರುವ ಗೆಣ್ಣಿನವರೆಗೆ ಕತ್ತರಿಸಿದರೆ ಇನ್ನೂ ಬೇಗ. ಬಿಳಿ ಜಾಸ್ತಿ ಇರುವ ಮಾರ್ಬಲ್ ಕ್ವೀನ್ ಅನ್ನುವ ತಳಿ ನಿಧಾನಕ್ಕೆ ಬೆಳೆಯುವುದು ಇದೇ ಕಾರಣಕ್ಕೆ.

ಎಲೆ ಅಡಿಯಲ್ಲಿ ಜೇಡರ ಬಲೆ ತರ ಇದೆ, ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ಏನಿದು?

ಮೆಣಸಿನಕಾಯಿ, ಹತ್ತಿ ಬೆಳೆಯುವವರು ನೋಡಿದ ತಕ್ಷಣ ಹೇಳುತ್ತಾರೆ: ನುಸಿ. ಒಣ ಸೆಕೆಗೆ ಏಳುವ ಜೇಡ ನುಸಿ ಇದು. ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದು ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಕಲಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಹೊಲಕ್ಕೆ ತಂದ ಔಷಧಿ ಉಳಿದಿದೆ ಅಂತ ಮನೆಯೊಳಗಿನ ಗಿಡಕ್ಕೆ ಹೊಡೆಯಬೇಡಿ. ಹತ್ತಿಯ ಉಂಡೆಯಂತೆ ಬೆಳ್ಳಗೆ ಅಂಟಿಕೊಂಡಿದ್ದರೆ ಅದು ಹಿಟ್ಟು ತಿಗಣೆ, ಅದನ್ನು ಬಟ್ಟೆಯಲ್ಲಿ ಒರೆಸಿಬಿಡಬಹುದು.

ನಮ್ಮೂರಿನ ಕೆಂಪು ಧೂಳನ್ನೂ ಮರೆಯಬೇಡಿ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸಿದರೆ ಬೆಳಕೂ ಸಿಗುತ್ತದೆ, ನುಸಿಯೂ ಮೊದಲೇ ಕಣ್ಣಿಗೆ ಬೀಳುತ್ತದೆ.

## ಹತ್ತುವ ವಿದ್ಯೆ

ನಮ್ಮನೇಲಿ ಅಂಗೈಯಷ್ಟು ಎಲೆ. ಮಂಗಳೂರಲ್ಲಿ ತೆಂಗಿನ ಮರಕ್ಕೆ ಹಬ್ಬಿದ್ದು ನೋಡಿದೆ, ಮೊರದಷ್ಟು ಅಗಲ, ಹರಿದ ಹಾಗೆ ಬೇರೆ. ಅದು ಬೇರೆ ಜಾತಿ ಅಲ್ವಾ?

ಅದೇ ಜಾತಿ. ನಿಮ್ಮದು ಮಗು, ಅದು ದೊಡ್ಡದು. ವಯಸ್ಸಿನ ಲೆಕ್ಕದಲ್ಲಲ್ಲ, ನಿಮ್ಮದೇ ಹಳೆಯದಿರಬಹುದು. ಈ ಬಳ್ಳಿಗೆ ದೊಡ್ಡದಾಗಲು ಹತ್ತಬೇಕು. ಬಾಟಲಿಯಲ್ಲಿ, ತೂಗುಕುಂಡದಲ್ಲಿ ಇರುವವರೆಗೆ ಅದು ಮಗುವೇ.

ಮರ ಹಿಡಿದು ಏರುತ್ತಾ ಹೋದಂತೆ ಕಾಂಡ ದಪ್ಪವಾಗುತ್ತದೆ, ಪ್ರತಿ ಎಲೆ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ತವರಿನ ಕಾಡಿನಲ್ಲಿ ಇದು 20 ಮೀಟರ್‌ವರೆಗೆ ಏರುತ್ತದೆ, ಕಾಂಡ 4 ಸೆಂಟಿಮೀಟರ್ ದಪ್ಪ, ಎಲೆ ಒಂದು ಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದವರೆಗೂ ಬರುತ್ತದೆ. ಮಗುವಿನ ಎಲೆ 20 ಸೆಂಟಿಮೀಟರ್ ದಾಟುವುದು ಅಪರೂಪ. ದೊಡ್ಡ ಎಲೆ ನಡುನರದ ಕಡೆಗೆ ಸೀಳಿಕೊಳ್ಳುತ್ತದೆ, ಸಣ್ಣ ತೂತುಗಳೂ ಕಾಣುತ್ತವೆ. ಇದನ್ನು ನೋಡಿ, ಇದೇ ಮನೆತನದ ತೂತು ಎಲೆಯ ಬಳ್ಳಿಯಾದ ಮಾನ್ಸ್ಟೆರಾ ಅಂದುಕೊಳ್ಳುವವರೂ ಇದ್ದಾರೆ.

ಇದೇ ಬಳ್ಳಿಯನ್ನು ಕೆಳಗೆ ಇಳಿಬಿಟ್ಟರೆ ತಿರುಗಾಮುರುಗಾ. ಗೆಣ್ಣಿನ ನಡುವಿನ ಅಂತರ ಉದ್ದವಾಗುತ್ತದೆ, ಎಲೆ ಚಿಕ್ಕದಾಗುತ್ತದೆ. ಹಿಡಿದುಕೊಳ್ಳಲು ಏನೂ ಸಿಗಲಿಲ್ಲ ಅಂದರೆ ಎಲೆಗೆ ಖರ್ಚು ಮಾಡದೆ, ಇನ್ನೊಂದು ಮರ ಹುಡುಕುವುದಕ್ಕೆ ಉದ್ದುದ್ದ ಓಡುತ್ತದೆ. ಟಿವಿ ಸ್ಟ್ಯಾಂಡಿನಿಂದ ಇಳಿಬಿದ್ದಿರುವ ಆ ಬಡಕಲು ಬಳ್ಳಿ ಅಲಂಕಾರ ಮಾಡುತ್ತಿಲ್ಲ, ಮರ ಹುಡುಕುತ್ತಿದೆ.

ದೊಡ್ಡ ಎಲೆ ಬೇಕಾದರೆ ಆಸರೆ ಕೊಡಿ. ಅಂಗಡಿಯ ಮಾಸ್ ಸ್ಟಿಕ್‌ಗೆ (ಬಳ್ಳಿ ಹತ್ತಲು ಇಡುವ ಪಾಚಿ ಸುತ್ತಿದ ಕೋಲು) ದುಡ್ಡು ಹಾಕಬೇಕಿಲ್ಲ. ಒಂದು ಪಿವಿಸಿ ಪೈಪಿಗೆ ಗೋಣಿಚೀಲ ಸುತ್ತಿ, ಮೇಲೆ ತೆಂಗಿನ ನಾರಿನ ಹಗ್ಗ ಬಿಗಿದು ಕುಂಡದ ನಡುವೆ ನಿಲ್ಲಿಸಿ. ಬಳ್ಳಿಯ ಬೇರಿರುವ ಬದಿಯನ್ನು ಅದಕ್ಕೆ ತಾಗಿಸಿ ಸಡಿಲವಾಗಿ ಕಟ್ಟಿ. ಗೋಣಿ ಸದಾ ತೇವವಾಗಿರಲಿ. ಒಣಗಿದ ಕೋಲನ್ನು ಅದರ ಬೇರು ಹಿಡಿಯುವುದಿಲ್ಲ, ಸುಮ್ನೆ ಒರಗಿ ನಿಲ್ಲುತ್ತದೆ ಅಷ್ಟೇ. ಬಳ್ಳಾರಿಯಲ್ಲಿ ಮೊರದಗಲ ಬಾರದಿದ್ದರೂ ಊಟದ ತಟ್ಟೆಯಗಲ ಬಂದಿದೆ, ನನ್ನ ಮನೆಯಲ್ಲೇ.

ಸೋರೆ, ಹೀರೆ ಬಳ್ಳಿಗೆ ಚಪ್ಪರ ಬೇಕು. ಇದು ಮಾತ್ರ ಬರೀ ಗೋಡೆಗೆ ಹೇಗೆ ಅಂಟಿಕೊಳ್ಳುತ್ತೆ?

ಬಳ್ಳಿಗಳು ಹತ್ತುವುದಕ್ಕೆ ಬೇರೆ ಬೇರೆ ಉಪಾಯ ಮಾಡಿಕೊಂಡಿವೆ. ಸೋರೆ, ಹೀರೆಗೆ ಸ್ಪ್ರಿಂಗಿನಂಥ ಕುಡಿ ಇದೆ. ಅದಕ್ಕೆ ಸುತ್ತಲು ತಂತಿಯೋ ಕಡ್ಡಿಯೋ ಬೇಕು. ಅಮೃತಬಳ್ಳಿ ತನ್ನ ಮೈಯನ್ನೇ ಬೇವಿನ ಕೊಂಬೆಗೆ ಸುತ್ತುತ್ತದೆ. ಕಾಗದದ ಹೂವಿನ ಬಳ್ಳಿ ಮುಳ್ಳು ಸಿಕ್ಕಿಸಿಕೊಂಡು ಒರಗುತ್ತದೆ. ಮನಿ ಪ್ಲಾಂಟ್, ಕಾಳುಮೆಣಸು, ವೀಳ್ಯದೆಲೆ ಗೆಣ್ಣಿನಿಂದ ಬೇರು ಬಿಟ್ಟು ತೊಗಟೆಯ ಸಂದಿಗೆ ಹೊಕ್ಕು ಹಿಡಿಯುತ್ತವೆ. ಹಾಗಾಗಿ ಎಷ್ಟು ದಪ್ಪ ಮರವಾದರೂ ಇವಕ್ಕೆ ಅಡ್ಡಿಯಿಲ್ಲ. ಸೋರೆಬಳ್ಳಿ ದೊಡ್ಡ ಆಲದ ಬೊಡ್ಡೆಯನ್ನು ಹತ್ತಲಾರದು. ಗೋಡೆಗೆ ಹಬ್ಬಿಸುವವರಿಗೆ ಒಂದು ಮಾತು: ಬಳ್ಳಿ ಕಿತ್ತರೆ ಬಣ್ಣವೂ ಕಿತ್ತು ಬರುತ್ತದೆ. ಬಾಡಿಗೆ ಮನೆಯಾದರೆ ಯೋಚಿಸಿ.

ಬೇವಿನ ಮರಕ್ಕೆ ಹಬ್ಬಿಸಿದರೆ ಮರದ ರಸ ಹೀರಿ ಸಾಯಿಸುತ್ತಾ?

ಹೀರುವುದಿಲ್ಲ. ಮಾವಿನ ಮರದ ಮೇಲೆ ಬರುವ ಬದನಿಕೆ ಮರದೊಳಗೆ ಬೇರು ಇಳಿಸಿ ನೀರು, ಸಾರ ಕದಿಯುತ್ತದೆ. ಮನಿ ಪ್ಲಾಂಟ್ ತೊಗಟೆಯ ಹೊರಗೇ ಇರುತ್ತದೆ, ಮರ ಅದಕ್ಕೆ ಏಣಿ ಮಾತ್ರ. ಚಿಕ್ಕ ಗಿಡವಾದರೆ ಎಲೆಗಳ ನೆರಳು, ಭಾರ ತೊಂದರೆ ಕೊಡಬಹುದು. ನಮ್ಮ ಕಡೆ ಬೇವಿನ ಬೊಡ್ಡೆಯ ಮೇಲೆ ಅದು ಬೇಸಿಗೆ ದಾಟುವುದೇ ಕಷ್ಟ, ಬುಡಕ್ಕೆ ದಿನಾ ನೀರು ಬೀಳುತ್ತಿದ್ದರೆ ಬೇರೆ ಮಾತು.

ವೀಳ್ಯದೆಲೆಗೂ ಇದಕ್ಕೂ ನೆಂಟಸ್ತನ ಇದೆಯಾ? ಎಲೆ ಒಂದೇ ತರ ಕಾಣುತ್ತೆ.

ಇಲ್ಲ. ವೀಳ್ಯದೆಲೆ ಕಾಳುಮೆಣಸಿನ ಮನೆತನ. ಎಲೆ ಒಂದೇ ತರ ಕಂಡರೂ ಕಿವುಚಿ ಮೂಸಿದರೆ ಗೊತ್ತಾಗುತ್ತದೆ. ವೀಳ್ಯಕ್ಕೆ ಖಾರದ ಘಮ, ಇದಕ್ಕೆ ಹಸಿ ಸೊಪ್ಪಿನ ವಾಸನೆ. ಎರಡನ್ನೂ ಒಂದೇ ಕುಂಡದಲ್ಲಿ ಹಬ್ಬಿಸಬೇಡಿ. ಊಟವಾದ ಮೇಲೆ ಅಜ್ಜಿ ಕತ್ತಲಲ್ಲಿ ಕೈಹಾಕಿ ತಪ್ಪು ಎಲೆ ಕಿತ್ತರೆ ಕಷ್ಟ.

## ಇನ್ನೂ ಸ್ವಲ್ಪ ಆಳಕ್ಕೆ

ಇಪ್ಪತ್ತು ವರ್ಷದಿಂದ ಸಾಕಿದ್ದೀನಿ. ಒಂದೇ ಒಂದು ಹೂ ಬಿಟ್ಟಿಲ್ಲ. ನನ್ನ ಕೈಗುಣ ಸರಿ ಇಲ್ವಾ?

ನಿಮ್ಮ ಕೈಗುಣ ಚೆನ್ನಾಗಿದೆ. ಸಾಕಿದ ಮನಿ ಪ್ಲಾಂಟ್ ತಾನಾಗೇ ಹೂ ಬಿಟ್ಟದ್ದು ಕೊನೆಯದಾಗಿ ದಾಖಲಾಗಿರುವುದು 1964ರಲ್ಲಿ. ಹೂ ಇಲ್ಲದ ಕಾರಣಕ್ಕೇ ಇದರ ಕುಲ ಯಾವುದು ಅಂತ ಸಸ್ಯಶಾಸ್ತ್ರಜ್ಞರು ಅಷ್ಟು ವರ್ಷ ಪರದಾಡಿದರು, ಯಾಕೆಂದರೆ ಗಿಡದ ವಂಶ ಗೊತ್ತಾಗುವುದು ಹೂವಿನಿಂದ.

2016ರಲ್ಲಿ ಇದರ ಗುಟ್ಟು ಬಯಲಾಯಿತು. ಗಿಡಗಳು ಬೆಳೆದು ಹೂ ಬಿಡಲು ಜಿಬ್ಬರೆಲಿನ್ ಅನ್ನುವ ಹಾರ್ಮೋನು ಬೇಕು. ದ್ರಾಕ್ಷಿ ಬೆಳೆಗಾರರಿಗೆ ಇದು ಜಿಎ ಅಂತ ಪರಿಚಯ, ಕಾಯಿ ದಪ್ಪವಾಗಲು ಗೊಂಚಲನ್ನು ಅದರಲ್ಲಿ ಅದ್ದುತ್ತಾರೆ. ಮನಿ ಪ್ಲಾಂಟ್‌ನಲ್ಲಿ ಈ ಹಾರ್ಮೋನನ್ನು ತಯಾರಿಸುವ ಒಂದು ಜೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆದ್ದರಿಂದ ಹೂವಿನ ಮೊಗ್ಗಿಗೆ ಅಪ್ಪಣೆಯೇ ಹೋಗುವುದಿಲ್ಲ. ವಿಜ್ಞಾನಿಗಳು ಹೊರಗಿನಿಂದ ಜಿಬ್ಬರೆಲಿನ್ ಸಿಂಪಡಿಸಿದಾಗ ಹೂ ಬಂತು. ಆಂಥೂರಿಯಂನಂತೆ ಒಂದು ದೋಣಿ, ಅದರ ನಡುವೆ ಒಂದು ದಿಂಡು.

ದ್ರಾಕ್ಷಿ ತೋಟದಿಂದ ಜಿಎ ತಂದು ಪ್ರಯೋಗ ಮಾಡಲೇ ಅಂತ ಕೊಪ್ಪಳದ ಸ್ನೇಹಿತರೊಬ್ಬರು ಕೇಳಿದರು. ಬಾಟಲಿಯ ಮರಿಬಳ್ಳಿಗೆ ಹಾಕಿದರೆ ಕಾಂಡ ಸೊರಗಿ ಉದ್ದವಾಗುವ ಸಂಭವವೇ ಜಾಸ್ತಿ. ಎಲೆ ನೋಡಿ ಖುಷಿಪಡಿ.

ಹೂ ಇಲ್ಲ, ಬೀಜ ಇಲ್ಲ. ಆದರೂ ಪ್ರಪಂಚ ಪೂರ್ತಿ ಹಬ್ಬಿದ್ದು ಹೇಗೆ?

ನಾವು ಹಬ್ಬಿಸಿದೆವು. ಒಂದು ತುಂಡು, ಒಂದು ಗೆಣ್ಣು, ಒಂದು ಬಾಟಲಿ. ನಿಮ್ಮ ಮನೆಯದೂ ನಮ್ಮ ಮನೆಯದೂ ಒಂದೇ ಗಿಡದ ತುಂಡಿನ ತುಂಡಿನ ತುಂಡು ಇರಬಹುದು.

ಮಳೆ ಜಾಸ್ತಿ ಇರುವ ಕಡೆ ಇದು ತಲೆನೋವೂ ಹೌದು. ಶ್ರೀಲಂಕಾ, ಹವಾಯಿ, ಫ್ಲೋರಿಡಾಗಳಲ್ಲಿ ತೋಟದಿಂದ ತಪ್ಪಿಸಿಕೊಂಡು ಕಾಡಿಗೆ ನುಗ್ಗಿ, ನೆಲ ಮುಚ್ಚಿ, ಅಲ್ಲಿನ ಗಿಡಗಳನ್ನು ಮೂಲೆಗೆ ತಳ್ಳಿದೆ. ನಮ್ಮ ಕುರುಚಲು ಗುಡ್ಡಗಳಲ್ಲಿ ಆ ಭಯವಿಲ್ಲ, ಮೊದಲ ಏಪ್ರಿಲ್ಲೇ ಅದರ ಕತೆ ಮುಗಿಸುತ್ತದೆ. ಆದರೆ ಕಾಲುವೆ ದಂಡೆ, ತೋಟದ ಬದಿಗೆ ಎಸೆಯಬೇಡಿ. ಶಿರಸಿ, ಆಗುಂಬೆ ಕಡೆ ನೆಂಟರ ಮನೆಗೆ ಹೋಗುವಾಗ ಒಯ್ದರೆ, ಕುಂಡದಲ್ಲೇ ಇಡಲು ಹೇಳಿ. ಕತ್ತರಿಸಿದ ತುಂಡುಗಳನ್ನು ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ ಆಮೇಲೆ ತಿಪ್ಪೆಗೆ ಹಾಕಿ. ಬಿಸಿಲು ನಮ್ಮಲ್ಲಿ ಪುಕ್ಕಟೆ.

ಮನೆಯ ಗಾಳಿ ಶುದ್ಧ ಮಾಡುತ್ತೆ ಅಂತ ನಾಸಾದವರೇ ಹೇಳಿದ್ದಾರಂತೆ?

1989ರಲ್ಲಿ ನಾಸಾ ಒಂದು ಅಧ್ಯಯನ ಮಾಡಿದ್ದು ನಿಜ. ಅದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳೊಳಗೆ ನಡೆದದ್ದು. ನಮ್ಮ ಮನೆ ಹಾಗಿಲ್ಲ. ಬಾಗಿಲು, ಕಿಟಕಿ, ಸಂದುಗಳಿಂದ ಗಾಳಿ ಸದಾ ಓಡಾಡುತ್ತದೆ. ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿ 2019ರಲ್ಲಿ ಬಂದ ಒಂದು ವಿಮರ್ಶೆಯ ಪ್ರಕಾರ, ಕಿಟಕಿಯಿಂದ ಆಗುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕು. ಆಗ ನಾವು ಮಲಗುವುದೆಲ್ಲಿ? ರಾತ್ರಿ ಆಮ್ಲಜನಕ ಕೊಡುತ್ತದೆ ಅನ್ನುವುದೂ ಸುಳ್ಳು, ಕತ್ತಲಾದ ಮೇಲೆ ಅದೂ ನಮ್ಮ ಹಾಗೆ ಉಸಿರಾಡುತ್ತದೆ. ಬೆಳಗಿನ ಜಾವ ಕಿಟಕಿ ತೆಗೆಯಿರಿ.

ಬಳ್ಳಿಗೆ ಕಣ್ಣಿಲ್ಲ. ಕಾಡಲ್ಲಿ ಮರ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?

ರಾಯಚೂರಿನ ಒಂಬತ್ತನೇ ತರಗತಿಯ ಹುಡುಗಿ ಕೇಳಿದ್ದು. ಈ ಇಡೀ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ.

ಗಿಡಗಳು ಬೆಳಕಿನ ಕಡೆ ಬಾಗುತ್ತವೆ ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಆದರೆ ಕಾಡಿನ ನೆಲದಲ್ಲಿ ಹುಟ್ಟಿದ ಹತ್ತುಬಳ್ಳಿ ಬೆಳಕಿನ ಕಡೆ ಹೋದರೆ ಬಯಲಿಗೆ ಹೋಗಿ ಸೇರುತ್ತದೆ, ಅಲ್ಲಿ ಮರ ಇಲ್ಲ. ಮನಿ ಪ್ಲಾಂಟ್‌ನ ದಾಯಾದಿಯಾದ ಒಂದು ಮಾನ್ಸ್ಟೆರಾ ಜಾತಿಯನ್ನು ಕೋಸ್ಟರಿಕಾದ ಕಾಡಿನಲ್ಲಿ ಗಮನಿಸಿದ ಸ್ಟ್ರಾಂಗ್ ಮತ್ತು ರೇ ಎಂಬ ಇಬ್ಬರು ವಿಜ್ಞಾನಿಗಳು 1975ರಲ್ಲಿ ಒಂದು ವಿಚಿತ್ರ ಸಂಗತಿ ಪ್ರಕಟಿಸಿದರು. ಅದರ ಸಸಿಗಳು ಕತ್ತಲಿನ ಕಡೆಗೆ ಹರಿಯುತ್ತವೆ. ಸುತ್ತ ನೋಡಿದಾಗ ಎಲ್ಲಿ ಕತ್ತಲು ಹೆಚ್ಚೋ, ಅಲ್ಲಿ ಒಂದು ದಪ್ಪ ಬೊಡ್ಡೆ ಇರುವ ಸಾಧ್ಯತೆ ಹೆಚ್ಚು. ದೊಡ್ಡ ಮರದ ಕಡೆಗೆ ಇನ್ನೂ ದೂರದಿಂದಲೇ ಹೊರಡುತ್ತವೆ. ಬೊಡ್ಡೆ ತಾಗಿ ಹತ್ತಲು ಶುರು ಮಾಡಿದ ಮೇಲೆ ಸ್ವಭಾವ ಬದಲಾಗಿ, ಬೆಳಕಿನ ಕಡೆ ಮುಖ ಮಾಡುತ್ತವೆ.

ಈ ಮಾತು ಆ ಹುಡುಗಿಗೆ ಹೇಳಿದಾಗ ಅವಳು, "ನಮ್ಮನೆ ಬಳ್ಳಿ ಕಿಟಕಿ ಬಿಟ್ಟು ಬೀರುವಿನ ಹಿಂದೆ ಹೋಗ್ತದ್ರೀ, ಅಮ್ಮ ದಿನಾ ಎಳೆದು ಕಿಟಕಿಗೆ ಕಟ್ತಾಳ" ಅಂದಳು. ಒಂದು ತುಂಡನ್ನು ಬೀರುವಿನ ಪಕ್ಕ ಬಿಟ್ಟು, ಇನ್ನೊಂದನ್ನು ಕಿಟಕಿಗೆ ಕಟ್ಟಿ, ವಾರ ವಾರ ಅಳತೆ ಬರೆದಿಡು ಅಂದಿದ್ದೇನೆ. ಅವಳ ನೋಟ್‌ಬುಕ್‌ನಲ್ಲಿ ಈಗ ಆರನೇ ವಾರ ನಡೆಯುತ್ತಿದೆ.